ನಿಂಬೆ ಹಿಂಡುವ ಹೊತ್ತು

ಬಿಸಿಲು ಏರಿದ ಮೇಲೆ ಒಲೆ ಮುಂದೆ ನಿಲ್ಲಲು ಯಾರಿಗೆ ಮನಸ್ಸಾಗುತ್ತದೆ ಹೇಳಿ. ಊಟವೂ ಸೇರುವುದಿಲ್ಲ. ಎಣ್ಣೆ ಜಾಸ್ತಿ ಇದ್ದರೆ ಭಾರ, ಖಾರ ಜಾಸ್ತಿ ಇದ್ದರೆ ಇನ್ನೂ ಬೆವರು. ಅಂಥ ಹೊತ್ತಿನಲ್ಲಿ ಕೈ ತಾನಾಗಿ ನಿಂಬೆಹಣ್ಣಿನ ಕಡೆ ಹೋಗುತ್ತದೆ. ನಾಲಿಗೆಗೆ ಹುಳಿ ತಾಗಿದ ಕೂಡಲೇ ಬಾಯಲ್ಲಿ ನೀರೂರುತ್ತದೆ, ಸಪ್ಪೆ ಅನ್ನಿಸುತ್ತಿದ್ದ ಊಟ ಎರಡು ತುತ್ತು ಜಾಸ್ತಿ ಇಳಿಯುತ್ತದೆ. ಆದರೆ ಅಡುಗೆಯಲ್ಲಿ ನಾವು ಸಿಟ್ರಸ್ ಹಣ್ಣುಗಳನ್ನು ಬಳಸುವುದು ಹೆಚ್ಚಾಗಿ ಅಷ್ಟಕ್ಕೇ: ಕೊನೆಗೆ ಅರ್ಧ ಹೋಳು ನಿಂಬೆ ಹಿಂಡಿ ಮುಗಿಸುವುದು. ಕಿತ್ತಳೆ, ಮೂಸಂಬಿ, ಚಕ್ಕೋತ ಎಲ್ಲ ಜ್ಯೂಸಿಗೆ, ಇಲ್ಲವೇ ಸುಮ್ನೆ ಸುಲಿದು ತಿನ್ನಲಿಕ್ಕೆ. ಉಪ್ಪು, ಮೆಣಸು, ಈರುಳ್ಳಿ ಜೊತೆ ಇವನ್ನು ಸೇರಿಸಬಹುದು ಅಂದರೆ ಕೆಲವರು ಮುಖ ಸಿಂಡರಿಸುತ್ತಾರೆ.

ನನ್ನ ವಾದ ಇಷ್ಟೇ. ಯಾವ ಹಣ್ಣು ಅನ್ನುವುದು ಆಮೇಲಿನ ಮಾತು. ಯಾವಾಗ ಹಾಕುತ್ತೀರಿ ಅನ್ನುವುದರ ಮೇಲೆ ಅಡುಗೆ ನಿಂತಿದೆ.

ನಿಂಬೆರಸದಲ್ಲಿ ಸುಮಾರು 5ರಿಂದ 6% ಸಿಟ್ರಿಕ್ ಆಮ್ಲ ಇರುತ್ತದೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 2ರಿಂದ 3ರ ನಡುವೆ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಈ ಹುಳಿ ಎಷ್ಟು ಕುದಿಸಿದರೂ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಪರಿಮಳ. ಅದಕ್ಕೇ ಹತ್ತು ನಿಮಿಷ ಕುದ್ದ ನಿಂಬೆರಸದ ಅಡುಗೆ ಹುಳಿ ಇರುತ್ತದೆ, ಆದರೆ ನಿಂಬೆಯದು ಅಂತ ಗೊತ್ತೇ ಆಗುವುದಿಲ್ಲ, ಬರೀ ಸಿಟ್ರಿಕ್ ಪುಡಿ ಹಾಕಿದ ಹಾಗಿರುತ್ತದೆ. ಆದ್ದರಿಂದ ಒಲೆ ಆರಿಸಿ, ಪಾತ್ರೆ ಇಳಿಸಿ, ಕುದಿ ನಿಂತ ಮೇಲೆ ಹಿಂಡಿ. ಅನ್ನಕ್ಕೆ ಕಲಸುವುದಾದರೂ ಅಷ್ಟೇ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಹಬೆ ಕಡಿಮೆಯಾಗಲು ಬಿಟ್ಟು, ರಸ ಮತ್ತು ಉಪ್ಪನ್ನು ಮೊದಲೇ ಸ್ವಲ್ಪ ಎಣ್ಣೆಯಲ್ಲಿ ಕಲಸಿಕೊಂಡು ಆಮೇಲೆ ಸುರಿದರೆ ಪ್ರತಿ ಅಗುಳಿಗೂ ಒಂದೇ ಸಮ ಹಿಡಿಯುತ್ತದೆ.

ಬೇಗ ಹಾಕಿದರೆ ಕೆಡುವುದು ಪರಿಮಳ ಮಾತ್ರ ಅಲ್ಲ. ಹಸಿರು ತರಕಾರಿ ನೋಡಿ. ಬೀನ್ಸ್ ಬೇಯಿಸಿ ಇಳಿಸಿದಾಗ ಗಾಢ ಹಸಿರಾಗಿ ಹೊಳೆಯುತ್ತಿರುತ್ತದೆ. ಅದರ ಮೇಲೆ ನಿಂಬೆ ಹಿಂಡಿ ಅರ್ಧ ಗಂಟೆ ಇಟ್ಟುಬಿಡಿ, ಹೊಳಪು ಹೋಗಿ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹಸಿರು ಕೊಡುವ ಕ್ಲೋರೋಫಿಲ್ ಒಳಗಿನ ಮೆಗ್ನೀಸಿಯಂ ಅನ್ನು ಆಮ್ಲ ಕಿತ್ತು ಹಾಕುತ್ತದೆ, ಅದರ ಫಲ ಇದು. ರುಚಿಗೆ ಅಂಥ ನಷ್ಟವಿಲ್ಲ, ಆದರೆ ತಟ್ಟೆ ನೋಡಿದರೆ ನಿನ್ನೆಯ ಅಡುಗೆ ಅನ್ನಿಸುತ್ತದೆ ಅಲ್ವಾ. ಹೀಗಾಗಿ ಹಸಿರು ಪಲ್ಯ, ಹಸಿರು ಸಲಾಡ್ ಏನೇ ಇರಲಿ, ರಸ ಹಾಕುವುದು ಬಡಿಸುವ ಹೊತ್ತಿಗೆ. ಬೇಕಾದರೆ ಅಲ್ಲಿಯವರೆಗೆ ತುರಿದ ಸಿಪ್ಪೆ ಬೆರೆಸಿಡಿ, ಅದರಿಂದ ಬಣ್ಣ ಕೆಡುವುದಿಲ್ಲ.

ಕಾಳುಗಳದ್ದು ಬೇರೆ ಕಥೆ. ಕಡಲೆ, ರಾಜ್ಮಾ ಬೇಯುವ ನೀರಿಗೆ ಹುಳಿ ಬಿದ್ದರೆ ಅವು ಮೆತ್ತಗಾಗಲು ಹಟ ಮಾಡುತ್ತವೆ. ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಆಲೂಗಡ್ಡೆಗೂ ಇದೇ ಗತಿ. ಪೂರ್ತಿ ಬೆಂದ ಮೇಲೆ ಮಾತ್ರ ತದ್ವಿರುದ್ಧ ಮಾಡಿ. ಬೆಂದ ಕಾಬೂಲಿ ಕಡಲೆ ಇನ್ನೂ ಬಿಸಿ ಇರುವಾಗಲೇ ನೀರು ಬಸಿದು ನಿಂಬೆರಸ, ಉಪ್ಪು, ಎಣ್ಣೆ ಹಾಕಿ ಕಲಸಿ. ಬಿಸಿ ಕಾಳು ರಸವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಹೊರಗೇ ಉಳಿದು ತಟ್ಟೆ ತಳಕ್ಕೆ ಇಳಿಯುತ್ತದೆ. ಸ್ವಲ್ಪ ಪರಿಮಳ ಹೋಗುತ್ತದೆ ನಿಜ. ತಿನ್ನುವ ಮುಂಚೆ ಇನ್ನೊಂದಿಷ್ಟು ಸಿಪ್ಪೆ ತುರಿದು ಹಾಕಿ ಸರಿದೂಗಿಸಬಹುದು. ಇದಕ್ಕೆ ಸೌತೆಕಾಯಿ, ಪುದೀನ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ ಫ್ರಿಜ್‌ನಲ್ಲಿಟ್ಟರೆ ಸಂಜೆಯವರೆಗೆ ಒಲೆ ಹಚ್ಚುವ ಅಗತ್ಯವಿಲ್ಲ.

ಈರುಳ್ಳಿ ಅಂದಾಗ ನೆನಪಾಯಿತು. ಕೆಂಪು ಈರುಳ್ಳಿಯನ್ನು ತೆಳ್ಳಗೆ ಸೀಳಿ, ಉಪ್ಪು ಹಾಕಿ ಬೆರಳಲ್ಲಿ ಮೆಲ್ಲಗೆ ಹಿಸುಕಿ, ಮೇಲೆ ನಿಂಬೆ ಹಿಂಡಿ ಕಾಲು ಗಂಟೆ ಬಿಡಿ. ನೇರಳೆ ಅಂಚು ಕರಗಿ ಎಲ್ಲ ಎಸಳುಗಳೂ ಗುಲಾಬಿಯಾಗುತ್ತವೆ, ಹಸಿ ಘಾಟು ಹೋಗಿ ಕರುಂ ಅನ್ನುವುದು ಮಾತ್ರ ಉಳಿಯುತ್ತದೆ. ಹಸಿರಿಗೆ ಶತ್ರುವಾದ ಹುಳಿ ಕೆಂಪು ನೇರಳೆ ಬಣ್ಣಗಳಿಗೆ ಗೆಳೆಯ. ಬೇಸಿಗೆಯಲ್ಲಿ ಒಂದು ಬಟ್ಟಲು ಇದನ್ನು ಮಾಡಿಟ್ಟುಕೊಂಡರೆ ಯಾವ ಸಪ್ಪೆ ಊಟವೂ ಸಪ್ಪೆ ಇರುವುದಿಲ್ಲ.

ಹಾಲಿನ ವಿಷಯ ಎಲ್ಲರಿಗೂ ಗೊತ್ತು, ಹುಳಿ ಬಿದ್ದರೆ ಒಡೆಯುತ್ತದೆ. ಪಿಎಚ್ 4.6ರ ಹತ್ತಿರ ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಗಟ್ಟಿಯಾಗಿ ಗಂಟು ಕಟ್ಟುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಕೊಬ್ಬು ಜಾಸ್ತಿ ಇರುವ ಗಟ್ಟಿ ಕ್ರೀಮ್ ಮಾತ್ರ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ, ಹಾಗಾಗಿ ಪಾಸ್ತಾಕ್ಕೆ ನಿಂಬೆ ಸಾಸ್ ಮಾಡುವವರು ಕ್ರೀಮ್ ಬಳಸುತ್ತಾರೆ.

ಈಗ ಸಿಪ್ಪೆ. ಅಡುಗೆಮನೆಗಳಲ್ಲಿ ದಿನಾ ಕಸಕ್ಕೆ ಹೋಗುವ ಒಳ್ಳೆಯ ವಸ್ತು ಇದು. ಹಣ್ಣಿನ ನಿಜವಾದ ಪರಿಮಳ ರಸಕ್ಕಿಂತ ಸಿಪ್ಪೆಯಲ್ಲೇ ಜಾಸ್ತಿ. ಹೊರಗಿನ ಬಣ್ಣದ ಪದರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವುದೇ ಎಣ್ಣೆಯ ಗ್ರಂಥಿಗಳು. ಕಿತ್ತಳೆ ಸಿಪ್ಪೆಯ ತುಂಡನ್ನು ಉರಿಯುವ ಮೇಣದಬತ್ತಿಯ ಹತ್ತಿರ ಹಿಡಿದು ಮಡಚಿ, ಚಿಮ್ಮಿದ ಎಣ್ಣೆಗೆ ಬೆಂಕಿ ತಾಗಿ ಚಟಪಟ ಕಿಡಿ ಹಾರುತ್ತದೆ. ಆ ಎಣ್ಣೆಯಲ್ಲಿ ಬಹುಪಾಲು ಲಿಮೊನೀನ್. ನಿಂಬೆಗೆ ನಿಂಬೆಯ ವಾಸನೆ ಕೊಡುವುದು ಅದರ ಜೊತೆಗಿರುವ ಸಿಟ್ರಾಲ್. ಇವು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಹಾಗಾಗಿ ತುರಿದ ಸಿಪ್ಪೆಯನ್ನು ನೀರು ನೀರಾದ ಅಡುಗೆಗೆ ಉದುರಿಸುವ ಬದಲು ಒಂದು ಚಮಚ ಎಣ್ಣೆ ಅಥವಾ ಬೆಣ್ಣೆಗೆ ಬೆರೆಸಿ ಆಮೇಲೆ ಹಾಕಿ, ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ. ಉಪ್ಪಿನ ಜೊತೆ ಬೆರಳಲ್ಲಿ ಉಜ್ಜಿದರೂ ಆದೀತು.

ತುರಿಯುವಾಗ ಕೈ ಹಗುರ ಇರಲಿ. ಬಣ್ಣ ಹೋಗಿ ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸಿ, ಬಿಳಿ ಪದರ ಕಹಿ. ಹಿಂಡುವ ಮೊದಲೇ ತುರಿಯಿರಿ, ಹಿಂಡಿ ಚಪ್ಪಟೆಯಾದ ಹೋಳನ್ನು ತುರಿಯಲು ಹೋದರೆ ಸಿಗುವುದು ಬೆರಳಿನ ಚರ್ಮ. ಅಂಗಡಿಯಿಂದ ತಂದ ಹಣ್ಣಿಗೆ ಮೇಣ ಬಳಿದಿರುವುದು ಉಂಟು, ಬಿಸಿ ನೀರಲ್ಲಿ ಉಜ್ಜಿ ತೊಳೆದು ಒರೆಸಿಕೊಳ್ಳಿ. ಈಗ ಎಲ್ಲರೂ ಇದಕ್ಕೆ ಬಳಸುವ ಉದ್ದನೆಯ ಸಣ್ಣ ಹಲ್ಲಿನ ತುರಿಯುವ ಪಟ್ಟಿ ಮೊದಲು ಅಡುಗೆಮನೆಯದೇ ಅಲ್ಲ, ಮರಗೆಲಸದ ಅರ. 1994ರಲ್ಲಿ ಕೆನಡಾದಲ್ಲಿ ಒಬ್ಬ ಗೃಹಿಣಿ ಕಿತ್ತಳೆ ಕೇಕ್ ಮಾಡುವಾಗ ತನ್ನ ಹಳೆಯ ತುರಿಮಣೆಗೆ ಬೇಸತ್ತು ಗಂಡ ತಂದಿಟ್ಟಿದ್ದ ಆ ಅರದಲ್ಲಿ ಸಿಪ್ಪೆ ತುರಿದರಂತೆ. ಅಲ್ಲಿಂದ ಅದು ಬಡಗಿ ಪೆಟ್ಟಿಗೆ ಬಿಟ್ಟು ಅಡುಗೆಮನೆಗೆ ಬಂತು.

ಬೇಸಿಗೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಿತ್ತಳೆಯ ಖಾರದ ಸಲಾಡ್. ಇಟಲಿಯ ಸಿಸಿಲಿಯಲ್ಲಿ ಇದು ಹಳೆಯ ಅಡುಗೆ: ಕಿತ್ತಳೆ, ಈರುಳ್ಳಿ ಅಥವಾ ಸೋಂಪಿನ ಗೆಡ್ಡೆ, ಕಪ್ಪು ಆಲಿವ್, ಆಲಿವ್ ಎಣ್ಣೆ, ಉಪ್ಪು, ಕಾಳುಮೆಣಸು. ಸಕ್ಕರೆ ಇಲ್ಲ, ಜೇನು ಇಲ್ಲ. ಮಾಡುವ ಕಷ್ಟವೆಲ್ಲ ಹಣ್ಣು ಬಿಡಿಸುವುದರಲ್ಲಿದೆ. ಕೈಯಲ್ಲಿ ಸುಲಿದರೆ ಬಿಳಿ ನಾರು ಅಂಟಿಕೊಂಡಿರುತ್ತದೆ, ತೊಳೆಯ ಮೇಲಿನ ಪೊರೆ ಹಲ್ಲಿಗೆ ಸಿಗುತ್ತದೆ. ಹರಿತವಾದ ಚಾಕು ತೆಗೆದುಕೊಂಡು ಹಣ್ಣಿನ ತಲೆ ಮತ್ತು ಬುಡ ಕತ್ತರಿಸಿ ಹಲಗೆ ಮೇಲೆ ನಿಲ್ಲಿಸಿ. ಮೇಲಿಂದ ಕೆಳಗೆ ಹಣ್ಣಿನ ಉಬ್ಬಿಗೆ ತಕ್ಕ ಹಾಗೆ ಚಾಕು ಬಾಗಿಸುತ್ತಾ ಸಿಪ್ಪೆ, ಬಿಳಿ, ಪೊರೆ ಮೂರನ್ನೂ ಒಟ್ಟಿಗೆ ಸೀಳಿ ತೆಗೆಯಿರಿ. ಬೆತ್ತಲೆ ಹಣ್ಣನ್ನು ಬಟ್ಟಲಿನ ಮೇಲೆ ಹಿಡಿದು ಒಂದೊಂದು ತೊಳೆಯ ಎರಡೂ ಬದಿಯ ಪೊರೆಗೆ ಒತ್ತಿ ಚಾಕು ಇಳಿಸಿದರೆ ತೊಳೆ ತಾನಾಗಿ ಜಾರಿ ಬೀಳುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವ ಪೊರೆಯ ಗೊಂಚಲನ್ನು ಬಟ್ಟಲಿಗೇ ಹಿಂಡಿ, ಆ ರಸವೇ ಸಲಾಡಿನ ಹುಳಿ. ಸಿಹಿ ಜಾಸ್ತಿ ಇದ್ದರೆ ಒಂದು ಚಮಚ ನಿಂಬೆ ಸೇರಿಸಿ. ವಿನೆಗರ್ ಡ್ರೆಸ್ಸಿಂಗಿಗೆ ಹೇಳುವ ಮೂರು ಪಾಲು ಎಣ್ಣೆ, ಒಂದು ಪಾಲು ಹುಳಿಯ ಲೆಕ್ಕ ಕಿತ್ತಳೆಗೆ ಹೊಂದುವುದಿಲ್ಲ, ಅದರ ಹುಳಿ ಮೆದು. ಎಣ್ಣೆ ಇನ್ನೂ ಕಡಿಮೆ ಸಾಕು.

ಉಪ್ಪು ಮಾತ್ರ ಬಡಿಸುವಾಗಲೇ ಹಾಕಿ. ಮೊದಲೇ ಹಾಕಿದರೆ ತೊಳೆ ನೀರು ಬಿಟ್ಟು ಸಪ್ಪಗಾಗುತ್ತದೆ. ಚಕ್ಕೋತ, ಗ್ರೇಪ್‌ಫ್ರೂಟ್‌ನಂಥ ಒಗರು ಹಣ್ಣುಗಳಿಗಂತೂ ಉಪ್ಪು ಬೇಕೇ ಬೇಕು. ಕಹಿಯನ್ನು ಸಕ್ಕರೆಯಿಂದ ಮುಚ್ಚಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಚಿಟಿಕೆ ಉಪ್ಪು ಕಹಿಯನ್ನು ನಾಲಿಗೆಯಲ್ಲೇ ತಗ್ಗಿಸುತ್ತದೆ, ಅದರ ಹಿಂದೆ ಅಡಗಿದ್ದ ಸಿಹಿ ಮುಂದೆ ಬರುತ್ತದೆ. ಚಕ್ಕೋತದ ತೊಳೆ ಬಿಡಿಸಿ, ಹಸಿಮೆಣಸು, ಹುರಿದ ಶೇಂಗಾ, ಪುದೀನ, ಉಪ್ಪು ಹಾಕಿ ನೋಡಿ. ಥಾಯ್ಲೆಂಡಿನವರು ಇದಕ್ಕೆ ಮೀನಿನ ಸಾಸ್, ಒಣ ಸೀಗಡಿ ಸೇರಿಸುತ್ತಾರೆ, ಅದಿಲ್ಲದೆಯೂ ಚೆನ್ನಾಗಿರುತ್ತದೆ.

ಮೀನು ತಿನ್ನುವವರಿಗೆ ಸೆವಿಚೆ ಗೊತ್ತಿರಬಹುದು. ಪೆರು ದೇಶದ್ದು, 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಲೆಯೇ ಇಲ್ಲ. ಹಸಿ ಮೀನಿನ ತುಂಡುಗಳ ಮೇಲೆ ನಿಂಬೆ ಹಿಂಡಿದರೆ ಪಾರದರ್ಶಕವಾಗಿದ್ದ ಮಾಂಸ ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತಾ ಹೋಗುತ್ತದೆ, ಬೆಂಕಿ ಮಾಡುವ ಕೆಲಸವನ್ನು ಆಮ್ಲ ಪ್ರೋಟೀನಿಗೆ ಮಾಡುತ್ತದೆ. ಹಿಂದೆ ಗಂಟೆಗಟ್ಟಲೆ ನೆನೆಸುತ್ತಿದ್ದರು, ಈಗ ಕೆಲವೇ ನಿಮಿಷ. ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆಳ್ಳಗಾಯಿತು ಅಂದರೆ ಬೆಂದಿತು ಅಂತಲ್ಲ. ಹುಳಿ ಎಲ್ಲ ರೋಗಾಣುಗಳನ್ನೂ, ಪರಾವಲಂಬಿ ಹುಳುಗಳನ್ನೂ ಕೊಲ್ಲುವುದಿಲ್ಲ. ಹಸಿಯಾಗಿ ತಿನ್ನುವ ಮೀನನ್ನು ಆ ಹುಳುಗಳು ಸಾಯಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಹೆಪ್ಪುಗಟ್ಟಿಸಬೇಕು ಅನ್ನುವುದು ಅಮೆರಿಕದ ಆಹಾರ ಇಲಾಖೆಯ ಸೂಚನೆ. ಮನೆಯ ಫ್ರೀಜರ್ ಅಷ್ಟು ತಣ್ಣಗೆ ಇರುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಗ್ಯಾರಂಟಿ ಇಲ್ಲದಿದ್ದರೆ ಮೀನು ಬೇಯಿಸಿ, ತಣ್ಣಗಾದ ಮೇಲೆ ಅದೇ ಮಸಾಲೆ ಹಾಕಿ. ನಾನಂತೂ ಅದನ್ನೇ ಮಾಡುತ್ತೇನೆ.

ಕೋಳಿ ನೆನೆಸಿಡುವವರೂ ಇದನ್ನೇ ನೆನಪಿಡಿ. ರಾತ್ರಿಯಿಡೀ ಬರೀ ನಿಂಬೆರಸದಲ್ಲಿ ಇಟ್ಟರೆ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ, ಒಳಗೆ ಏನೂ ಇಳಿದಿರುವುದಿಲ್ಲ. ಅರ್ಧದಿಂದ ಎರಡು ಗಂಟೆ ಧಾರಾಳ. ಬೇಗ ಹಾಕಿದರೂ ಚೆನ್ನಾಗಿರುವುದು ಒಂದೇ, ಸುಟ್ಟ ನಿಂಬೆ. ಹೋಳು ಮಾಡಿದ ನಿಂಬೆಯ ಕತ್ತರಿಸಿದ ಬದಿಯನ್ನು ಎಣ್ಣೆ ಹಾಕದ ಕಾದ ಕಾವಲಿ ಮೇಲೆ ಇಟ್ಟು ಅಲ್ಲಾಡಿಸದೆ ಬಿಡಿ. ಅಂಚು ಕಪ್ಪಾಗಿ, ಸಕ್ಕರೆ ಕಂದಿ, ರಸ ಬೆಚ್ಚಗಾಗಿ ಧಾರಾಕಾರ ಇಳಿಯುತ್ತದೆ. ಹುಳಿ ಅಷ್ಟೇ ಇರುತ್ತದೆ, ಚುಚ್ಚುವುದಿಲ್ಲ. ಸುಟ್ಟ ಬದನೆಕಾಯಿ, ಜೋಳ, ಪನೀರ್ ಎಲ್ಲಕ್ಕೂ ಇದು ಹೊಂದುತ್ತದೆ.

ಮೂಸಂಬಿ, ಕಿತ್ತಳೆ ರಸವನ್ನು ಮಾತ್ರ ಹಿಂಡಿಟ್ಟು ಆಮೇಲೆ ಬಳಸಬೇಡಿ. ನೇವಲ್ ಜಾತಿಯ ಕಿತ್ತಳೆಯಲ್ಲಿ ಇದು ಎದ್ದು ಕಾಣುತ್ತದೆ: ಹಿಂಡಿದಾಗ ಸಿಹಿ, ಕೆಲವು ಗಂಟೆ ಬಿಟ್ಟರೆ ಕಹಿ. ಹಣ್ಣಿನಲ್ಲಿದ್ದಾಗ ರುಚಿಯಿಲ್ಲದ ಒಂದು ವಸ್ತು ರಸಕ್ಕೆ ಬಂದ ಮೇಲೆ ಲಿಮೊನಿನ್ ಅನ್ನುವ ಕಹಿ ವಸ್ತುವಾಗಿ ಬದಲಾಗುತ್ತದೆ (ಸಿಪ್ಪೆಯ ಎಣ್ಣೆಯ ಲಿಮೊನೀನ್ ಬೇರೆ). ಕಾಯಿಸಿದರೆ ಇನ್ನೂ ಬೇಗ.

ಎರಡು ಎಚ್ಚರಿಕೆ ಹೇಳಲೇಬೇಕು. ಬಿಸಿಲಲ್ಲಿ ಕೂತು ನಿಂಬೆ ಹಿಂಡಬೇಡಿ, ಹಿಂಡಿದರೂ ಕೈ ಸೋಪು ಹಾಕಿ ತೊಳೆದೇ ಹೊರಗೆ ಹೋಗಿ. ಅದರಲ್ಲೂ ಹಸಿರು ಲೈಮ್. ಸಿಪ್ಪೆ ಮತ್ತು ರಸದಲ್ಲಿರುವ ಫ್ಯುರಾನೊಕೌಮರಿನ್ ಅನ್ನುವ ರಾಸಾಯನಿಕಗಳು ಚರ್ಮದ ಮೇಲಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಇನ್ನೊಂದು ಗ್ರೇಪ್‌ಫ್ರೂಟ್. ಕೊಲೆಸ್ಟರಾಲ್, ಬಿಪಿಯ ಕೆಲವು ಮಾತ್ರೆಗಳನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಮಾತ್ರೆ ರಕ್ತಕ್ಕೆ ಜಾಸ್ತಿ ಸೇರುತ್ತದೆ. ಇದು ಸಿಕ್ಕಿದ್ದೂ ಆಕಸ್ಮಿಕವಾಗಿ. ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡುತ್ತಿದ್ದ ಕೆನಡಾದ ಸಂಶೋಧಕರು ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು, ಗುಟ್ಟು ರಸದಲ್ಲೇ ಇತ್ತು. 1989ರಲ್ಲಿ ಅದನ್ನು ಪ್ರಕಟಿಸಿದರು. ಚಕ್ಕೋತವೂ ಹತ್ತಿರದ ಸಂಬಂಧಿ. ದಿನಾ ಮಾತ್ರೆ ನುಂಗುವವರು ಡಾಕ್ಟರನ್ನು ಒಮ್ಮೆ ಕೇಳಿ ಸಲಾಡ್ ಮಾಡಿ.

ನಿಂಬೆ ಅಗ್ಗವಾಗಿ ಸಿಗುವಾಗಲೇ ಬೇಸಿಗೆಗೆ ಕೂಡಿಡುವ ದಾರಿಗಳೂ ಇವೆ. ಮೊರಾಕ್ಕೊದಲ್ಲಿ ಇಡೀ ನಿಂಬೆಯನ್ನು ಬುಡ ಬಿಟ್ಟು ನಾಲ್ಕಾಗಿ ಸೀಳಿ, ಒಳಗೆ ಉಪ್ಪು ತುಂಬಿ, ಅದರದೇ ರಸದಲ್ಲಿ ಮುಳುಗಿಸಿ ಸುಮಾರು ಒಂದು ತಿಂಗಳು ಇಡುತ್ತಾರೆ. ಎಣ್ಣೆ, ಖಾರ ಏನೂ ಇಲ್ಲ. ಅಡುಗೆಗೆ ಬಳಸುವುದು ಹೆಚ್ಚಾಗಿ ಮೆತ್ತಗಾದ ಸಿಪ್ಪೆ ಮಾತ್ರ, ತೊಳೆದು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಇರಾನಿನಲ್ಲಿ ನಿಂಬೆಯನ್ನು ಉಪ್ಪುನೀರಲ್ಲಿ ಕುದಿಸಿ ಬಿಸಿಲಲ್ಲಿ ಕಪ್ಪಾಗುವ ತನಕ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅಷ್ಟೆಲ್ಲ ತಾಳ್ಮೆ ಇಲ್ಲದಿದ್ದರೆ ಸಿಪ್ಪೆ ತುರಿದು ಒಂದು ಡಬ್ಬಿಯಲ್ಲಿ, ರಸ ಹಿಂಡಿ ಐಸ್ ಟ್ರೇಯಲ್ಲಿ ಫ್ರೀಜರಿಗೆ ಹಾಕಿ. ನಿಂಬೆರಸದ ಗಡ್ಡೆಗಳು ಗಟ್ಟಿಯಾದ ಮೇಲೆ ತೆಗೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ, ಇಲ್ಲದಿದ್ದರೆ ಪಕ್ಕದಲ್ಲಿಟ್ಟ ಬೆಳ್ಳುಳ್ಳಿ ವಾಸನೆ ಹಿಡಿಯುತ್ತದೆ.