ಹೊಲಿಯೋಕೆ ಬರುತ್ತೆ, ಹೇಳಿಕೊಡೋಕೆ ಕಾಗದ ಬೇಕಂತೆ

ಬಳ್ಳಾರಿ ಜೀನ್ಸ್ ಯೂನಿಟ್‌ಗಳಲ್ಲಿ 16 ವರ್ಷ ಹೊಲಿದಿದ್ದೇನೆ. ಜಿಪ್ ಕೂರಿಸೋದು ಕಣ್ಣು ಮುಚ್ಚಿದರೂ ಬರುತ್ತೆ. ಹೊಸದಾಗಿ ಬಂದ ಹುಡುಗಿಯರನ್ನೆಲ್ಲ ಮಾಲೀಕರು ನನ್ನ ಪಕ್ಕದ ಮಷಿನ್‌ಗೇ ಕೂರಿಸುತ್ತಿದ್ದರು. ಹಾಗಾಗಿ ಒಂದು ತರಬೇತಿ ಕೇಂದ್ರದವರು ಹೊಲಿಗೆ ಕಲಿಸೋರು ಬೇಕು ಅಂದಾಗ ಸೀದಾ ಹೋಗಿ ನಿಂತೆ. "ಟಿಒಟಿ ಆಗಿದೆಯಾ ಮೇಡಂ?" ಅಂದ ಟೇಬಲ್ ಹಿಂದಿನ ಹುಡುಗ. ಹಾಗಂದ್ರೇನಪ್ಪಾ ಅಂದೆ. ಅವನು ಮೊಬೈಲಿಂದ ತಲೆ ಎತ್ತಲಿಲ್ಲ. ಮೂರು ಸಲ ಅಲೆದಾಡಿಸಿ, ಕೊನೆಗೆ ಬೇರೆ ಯಾರನ್ನೋ ತಗೊಂಡರು.

ಸಿಟ್ಟು ಇಳಿದ ಮೇಲೆ ವಿಚಾರಿಸಿದೆ. ಐಟಿಐಯಲ್ಲಿ ಕಲಿಸೋಕೆ ಕೇಳೋದು ಸಿಐಟಿಎಸ್, ಅಂದರೆ ಐಟಿಐ ಮೇಷ್ಟ್ರುಗಳಾಗೋರಿಗೆ ಇರೋ ಒಂದು ವರ್ಷದ ಕೋರ್ಸು. ಅದಕ್ಕೆ ಬೆಂಗಳೂರಲ್ಲಿ ಹೆಂಗಸರಿಗೇ ಅಂತ ಕೇಂದ್ರ ಸರ್ಕಾರದ ಒಂದು ತರಬೇತಿ ಸಂಸ್ಥೆ, ಎನ್‌ಎಸ್‌ಟಿಐ ಇದೆ. ಆದರೆ ಸೇರಬೇಕಾದರೆ ಮೊದಲೇ ಐಟಿಐ ಮುಗಿಸಿರಬೇಕು, ಇಲ್ಲಾ ಡಿಪ್ಲೊಮಾನೋ ಡಿಗ್ರಿನೋ ಇರಬೇಕು. ನಾನು ಎಸ್‌ಎಸ್‌ಎಲ್‌ಸಿ. ಆ ದಾರಿ ಅಲ್ಲಿಗೇ ಮುಗಿಯಿತು. ಟಿಒಟಿ ಅಂದರೆ ಕಲಿಸುವವರಿಗೇ ಕೊಡೋ ತರಬೇತಿ, ಕೌಶಲ ಯೋಜನೆಗಳ ಸಣ್ಣ ಕೋರ್ಸುಗಳಿಗೆ ಕೇಳೋದು ಇದನ್ನೇ. ಅದರಲ್ಲಿ ಎರಡು ಭಾಗ: ನಿಮಗೆ ಕಸುಬು ಬರುತ್ತಾ, ಅದನ್ನು ಹೇಳಿಕೊಡೋಕೆ ಬರುತ್ತಾ. ಇಲ್ಲಿ ನನ್ನ ಅನುಭವ ಲೆಕ್ಕಕ್ಕೆ ಬಂತು.

ಸುಮ್ನೆ ಒಂದು ಕಾಗದಕ್ಕೋಸ್ಕರ ಅಂತ ಗೊಣಗಿಕೊಂಡೇ ಸೇರಿದೆ. ಮೂರನೇ ದಿನ ಎಲ್ಲರೂ ಪಾಠ ಮಾಡಿ ತೋರಿಸಬೇಕಿತ್ತು. ನನ್ನ ಮುಂದೆ ಕೂತವಳು ಕೊಪ್ಪಳ ಕಡೆಯ ಹುಡುಗಿ, ಬ್ಯೂಟಿಷಿಯನ್ ಕಲಿಸೋಕೆ ಬಂದವಳು, ಮಷಿನ್ ಮುಟ್ಟಿದವಳೇ ಅಲ್ಲ. ಜಿಪ್ಪನ್ನು ಪಟ್ಟಿಗೆ ಉಲ್ಟಾ ಇಟ್ಟಳು. "ತಾ ಇಲ್ಲಿ" ಅಂತ ಬಟ್ಟೆ ಕಿತ್ತುಕೊಂಡು, ತಿರುಗಿಸಿ, ಸರ್ರನೆ ಹೊಲಿದು ಕೊಟ್ಟೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಹಿಂದೆ ನಿಂತಿದ್ದ ಸರ್, "ಚೆನ್ನಾಗಿ ಹೊಲಿದ್ರಮ್ಮ. ಆಕಿ ಏನ್ ಕಲಿತಳು?" ಅಂದರು.

ಬಾಯಿ ಕಟ್ಟಿಹೋಯಿತು. ಯೂನಿಟ್‌ನಲ್ಲಿ ಎಷ್ಟೋ ಹುಡುಗಿಯರು ಎರಡೇ ವಾರಕ್ಕೆ ಬಿಟ್ಟು ಹೋಗ್ತಿದ್ದರು, ನಾನು ಅವರಿಗೆ ಕೈ ಚುರುಕಿಲ್ಲ ಅಂತ ಅಂದುಕೊಂಡಿದ್ದೆ. ಅವರ ಕೈಗೆ ಬಟ್ಟೆ ಬಿಟ್ಟಿದ್ದೆನಾ ನಾನು?

ಇದನ್ನೆಲ್ಲ ನನ್ನ ತಂಗಿ ಮಗಳಿಗೆ ಹೇಳಿದೆ. ಅವಳು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಾಳೆ, ಅದಕ್ಕೆ ಯಾರೂ ಏನೂ ಕೇಳಲ್ಲ, ಬೋರ್ಡ್ ಹಾಕಿದರೆ ಆಯಿತು. (ನಮಗೆ ಕಾಗದ, ಅವರಿಗೆ ಬರೀ ಬೋರ್ಡು!) ಆದರೂ ಅವಳಿಗೆ ಸೆಲ್ಟಾ ಅನ್ನೋ ಕೇಂಬ್ರಿಜ್‌ನವರ ಸರ್ಟಿಫಿಕೇಟ್ ಮೇಲೆ ಕಣ್ಣು. ದೊಡ್ಡವರಿಗೆ ಇಂಗ್ಲಿಷ್ ಕಲಿಸೋಕೆ ಅಂತಲೇ ಇರೋದು, ಕಡಿಮೆ ಅಂದರೂ 120 ಗಂಟೆಯ ಕೋರ್ಸು. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೇ ಪಾಠ ಮಾಡಬೇಕಂತೆ, ಒಬ್ಬರು ಹಿಂದೆ ಕೂತು ನೋಡಿ ಬರೆದುಕೊಳ್ಳುತ್ತಾರಂತೆ. ಫೀಸ್ ಮಾತ್ರ ನಮ್ಮಂಥವರ ಕೈಗೆ ಎಟುಕೋದಲ್ಲ. "ದೊಡ್ಡಮ್ಮ, ನಿನ್ನನ್ನೇ ಹಿಂದೆ ಕೂರಿಸ್ಕೋತೀನಿ ಬಿಡು" ಅಂತ ನಕ್ಕಳು.

ಈಗ ನನಗೂ ಒಂದು ಬ್ಯಾಚ್ ಸಿಕ್ಕಿದೆ, ಬೇರೆ ಕಡೆ. ಯಾರಾದರೂ ಜಿಪ್ ಉಲ್ಟಾ ಇಟ್ಟರೆ ಕೈ ಈಗಲೂ ಓಡುತ್ತೆ. ಅದಕ್ಕೇ ಕೊರಳಲ್ಲಿರೋ ಟೇಪನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುತ್ತೇನೆ.