ಕೆಡೋಕೆ ಬಿಟ್ಟರೆ ತಾನೆ!

ಮಂಗಳವಾರದಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ಕೆಡೋಕೆ ಬಿಟ್ಟರೆ ತಾನೆ ಸಾರ್!"

ಅತ್ತಿಗೆಯನ್ನು ಕೃಷಿ ವಿಶ್ವವಿದ್ಯಾಲಯದ ಇನ್‌ಕ್ಯುಬೇಷನ್ ಸೆಂಟರ್‌ಗೆ ಹೊರಡಿಸಿದ್ದು ನಾನೇ. ಹೊಸದಾಗಿ ಉದ್ಯಮ ಶುರು ಮಾಡೋರಿಗೆ ಕೈ ಹಿಡಿಯುವ ಜಾಗ ಅದು. ಕೇಂದ್ರ ಸರ್ಕಾರದ ರಫ್ತಾರ್ ಯೋಜನೆಯಲ್ಲಿ ಇಂಥ ಸೆಂಟರ್‌ಗಳ ಮೂಲಕ ಬರೀ ಐಡಿಯಾ ಇದ್ದವರಿಗೆ 5 ಲಕ್ಷ, ಮಾಲು ತಯಾರಿದ್ದವರಿಗೆ 25 ಲಕ್ಷದವರೆಗೆ ಅನುದಾನ ಅಂತ ಓದಿದ್ದೆ. ಅತ್ತಿಗೆಯ ರಾಗಿ ಹುರಿಹಿಟ್ಟಿಗೆ ಬೀದಿ ತುಂಬ ಗಿರಾಕಿಗಳು. ಇನ್ನೇನು ಬೇಕು ಅಂದುಕೊಂಡೆ.

ಅನುದಾನಕ್ಕೆ ಬಂದವರನ್ನು ವಿಚಾರಿಸೋಕೆ ಮೂವರು ಕೂತಿದ್ದರು. ನಮಗಿಂತ ಮುಂಚೆ ಹೋದ ಹುಡುಗ ಕೋಟು ಹಾಕಿದ್ದ. ಇಪ್ಪತ್ತು ಸ್ಲೈಡ್ ತೋರಿಸಿದ. ಮಾರ್ಕೆಟ್ ಸೈಜ್ ಕೋಟಿಗಳಲ್ಲಿ. ಮಾರಿದ್ದು ಮಾತ್ರ ಏನೂ ಇಲ್ಲ. ಯಾರೂ ನಗಲಿಲ್ಲ. ಅತ್ತಿಗೆ ಮೇಜಿನ ಮೇಲೆ ಸ್ಟೀಲ್ ಡಬ್ಬ ಇಟ್ಟರು.

"ಶೆಲ್ಫ್ ಲೈಫ್ ಎಷ್ಟಮ್ಮಾ?"

"ಹಂಗಂದ್ರೆ?"

"ಎಷ್ಟು ದಿನಕ್ಕೆ ಕೆಡುತ್ತೆ?"

"ಕೆಡೋಕೆ ಬಿಟ್ಟರೆ ತಾನೆ ಸಾರ್! ಎಂಟು ದಿನಕ್ಕೆ ಡಬ್ಬ ಖಾಲಿ."

ಮೂವರೂ ನಕ್ಕರು. ನಾನೂ ನಕ್ಕೆ. ಅತ್ತಿಗೆ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ, ಲೆಕ್ಕ ಹೇಳಿದ್ದರು. ಮಾಡಿದ್ದೆಲ್ಲ ಎಂಟು ದಿನಕ್ಕೆ ಮಾರಾಟವಾಗುತ್ತೆ ಅನ್ನೋದಕ್ಕಿಂತ ಒಳ್ಳೆ ಸ್ಲೈಡ್ ಇದೆಯಾ? ಇದು ನನಗೆ ಹೊಳೆದಿದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ. ಎಂದಿನಂತೆ ತಡವಾಗಿ.

ಆದರೆ ಆ ಪ್ರಶ್ನೆಯೂ ಸುಮ್ನೆ ಕೇಳಿದ್ದಲ್ಲ. ಪಕ್ಕದ ಬೀದಿಗೆ ಕೊಡುವಾಗ ಬಾಯಿಮಾತು ಸಾಕು. ಅಂಗಡಿಯ ಶೆಲ್ಫ್‌ಗೆ ಹೋದರೆ ಪ್ಯಾಕೆಟ್ ಮೇಲೆ ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್, ತೂಕ, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಟ್ಟ ನಂಬರ್ ಎಲ್ಲ ಇರಬೇಕು. ಇದನ್ನು ಬಿಡಿಸಿ ಹೇಳಿದ್ದು ಆ ಮೂವರಲ್ಲ, ಲ್ಯಾಬಿನಲ್ಲಿದ್ದ ಒಬ್ಬ ಹೆಣ್ಣುಮಗಳು. ಅಲ್ಲಿ ಸಂಬಳ ಕಡಿಮೆ, ಕೆಲಸ ಜಾಸ್ತಿ ಇರೋದು ಅವಳಿಗೇ ಇರಬೇಕು.

ಪುಟ್ಟ ಅಲ್ಯೂಮಿನಿಯಂ ಬಟ್ಟಲಿಗೆ ಐದು ಗ್ರಾಂ ಹಿಟ್ಟು ಹಾಕಿ ತೂಗಿದಳು. 105 ಡಿಗ್ರಿ ಓವನ್ನಿನಲ್ಲಿಟ್ಟಳು. ಕೆಲವು ಗಂಟೆ ಬಿಟ್ಟು ಆರಿಸಿ ಮತ್ತೆ ತೂಗಿದಳು. "ತೂಕ ಎಷ್ಟು ಇಳೀತೋ ಅಷ್ಟು ನೀರಿತ್ತು ಅಕ್ಕಾ. ನೀರು ಜಾಸ್ತಿಯಾದ್ರೆ ಗಂಟು ಕಟ್ಟುತ್ತೆ, ಬೂಷ್ಟು ಬರುತ್ತೆ."

"ಅದಕ್ಕೇ ನಾನು ಬೀಸಿದ ಮೇಲೆ ಪಂಚೆ ಮೇಲೆ ಹರಡಿ ಆರಿಸೋದು," ಅಂದರು ಅತ್ತಿಗೆ. "ಬಿಸಿ ಇದ್ದಾಗಲೇ ತುಂಬಿದ್ರೆ ಮುಚ್ಚಳದ ಒಳಗೆ ಬೆವರುತ್ತೆ."

ಆ ಹುಡುಗಿ ಪೆನ್ನು ತೆಗೆದು ಅದನ್ನು ಬರೆದುಕೊಂಡಳು! ಇಡೀ ದಿನದಲ್ಲಿ ಅತ್ತಿಗೆಯ ಮಾತನ್ನು ಬರೆದುಕೊಂಡವಳು ಅವಳೊಬ್ಬಳೇ.

ಅನುದಾನದ್ದು ಇನ್ನೂ ಏನೂ ಗೊತ್ತಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಕೇಳಿದ್ದಾರೆ, ಬರೆಯುವ ಕರ್ಮ ನನ್ನದು. ಅಲ್ಲೀವರೆಗೆ ಆ ಹುಡುಗಿ ಒಂದು ಕೆಲಸ ಹೇಳಿ ಕಳಿಸಿದ್ದಾಳೆ. ಒಂದೇ ದಿನ ಆರು ಪ್ಯಾಕೆಟ್ ಸೀಲ್ ಮಾಡಿಟ್ಟು, ಹದಿನೈದು ದಿನಕ್ಕೊಂದನ್ನು ಒಡೆದು ಮೂಸಿ, ರುಚಿ ನೋಡಿ ಬರೆಯಬೇಕು. ಮುಗ್ಗಲು ವಾಸನೆ ಬಂದ ದಿನ, ಎಷ್ಟು ದಿನಕ್ಕೆ ಕೆಡುತ್ತೆ ಅಂತ ಗೊತ್ತಾಗುತ್ತೆ.

ಅತ್ತಿಗೆ ಬುಧವಾರವೇ ಆರೂ ಪ್ಯಾಕೆಟ್ ಅಟ್ಟದ ಮೇಲಿಟ್ಟು, "ಯಾರೂ ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದರು. ಇವತ್ತು ಬೆಳಗ್ಗೆ ಎಣಿಸಿದರೆ ಐದೇ ಇವೆ. ಅಣ್ಣ ಬೆಲ್ಲದ ಡಬ್ಬ ಹಿಡಿದುಕೊಂಡು, ಏನೂ ಗೊತ್ತಿಲ್ಲದವನಂತೆ ಕೂತಿದ್ದಾನೆ.