ಮೇಜಿನ ಮೇಲಿನ ಝ್ಲಾಟಾನ್: ಮೂರನೇ ವಾರ

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಗೊಂಬೆ ಮತ್ತೆ ಮುಗ್ಗರಿಸಿ ಬಿದ್ದಿತ್ತು. ಮೂಗು ಚಪ್ಪಟೆ. "ಅಪ್ಪಾ, ದೊಡ್ಡ ಪ್ರತಿಮೆಗೂ ಹೀಗೇ ಆಗಿತ್ತಲ್ವಾ?" ಅಂದಳು ಮಗಳು. ಹೌದು ಪುಟ್ಟಿ, ಹೆಚ್ಚುಕಮ್ಮಿ ಹೀಗೇ.

ಹೊಸದಾಗಿ ಓದುವವರಿಗೆ: ಸ್ವೀಡನ್‌ನ ಮಾಲ್ಮೋದಲ್ಲಿ, ಸ್ಟೇಡಿಯಂ ಹೊರಗೆ ನಿಂತು ಮೂರು ತಿಂಗಳು ತುಂಬುವ ಮೊದಲೇ ಬಿದ್ದ, ಫುಟ್‌ಬಾಲ್ ಆಟಗಾರ ಝ್ಲಾಟಾನ್ ಇಬ್ರಾಹಿಮೊವಿಚ್‌ನ ಕಂಚಿನ ಪ್ರತಿಮೆಯನ್ನು ಎಣ್ಣೆ ಜೇಡಿಮಣ್ಣಲ್ಲಿ ಮಾಡ್ತಿದ್ದೀನಿ. ಮೂಲ ಶಿಲ್ಪಿ ಪೀಟರ್ ಲಿಂಡೆ. ಎತ್ತರ 2.7 ಮೀಟರ್, ನನ್ನದು 30 ಸೆಂಟಿಮೀಟರ್. ಒಂಬತ್ತರಲ್ಲಿ ಒಂದು ಪಾಲು, ಲೆಕ್ಕ ಸುಲಭ.

ಸುಲಭ ಅಂದಿದ್ದು ಅದೊಂದೇ. ಊರಲ್ಲಿ ಚಿಕ್ಕವನಿದ್ದಾಗ ಗಣಪತಿ ಮಾಡಿ ಗೊತ್ತು. ಗಣಪತಿ ಪುಣ್ಯಾತ್ಮ, ಹೊಟ್ಟೆ ಬಿಟ್ಕೊಂಡು ಕೂತಿರ್ತಾನೆ, ಬೀಳೋ ಮಾತಿಲ್ಲ. ಇವನೋ ಬರಿಮೈಯಲ್ಲಿ ಎರಡೂ ತೋಳು ಚಾಚಿ ನಿಂತವನು. ಭಾರವೆಲ್ಲ ಎದೆ, ಭುಜದಲ್ಲಿ. ಹೊರೋದು ಮಾತ್ರ ಕಾಲಲ್ಲಿ ಗೆಜ್ಜೆ ಕಟ್ಟುವ ಸಣ್ಣ ಜಾಗ. ಒಂದೇ ಎಳೆ ಅಲ್ಯೂಮಿನಿಯಂ ತಂತಿ ಹಾಕಿದ್ದೆ, ಬಾಗಿತು.

ಮಾಲ್ಮೋದಲ್ಲಿ ಪ್ರತಿಮೆ ಬೀಳಿಸಿದವರು ಗರಗಸ ಆಡಿಸಿದ್ದೂ ಅದೇ ಜಾಗದಲ್ಲಿ. ಆಯಕಟ್ಟು ಬಲ್ಲವರೇ ಇರಬೇಕು! 2019ರ ಅಕ್ಟೋಬರ್ 8ರಂದು ಅನಾವರಣಕ್ಕೆ ಝ್ಲಾಟಾನ್ ಖುದ್ದಾಗಿ ಬಂದಿದ್ದ. ಆ ಹೊತ್ತಿಗೆ ದೇಶಕ್ಕೆ ಆಡಿದ್ದು 116 ಪಂದ್ಯ, ಹೊಡೆದಿದ್ದು 62 ಗೋಲು. ಅದೇ ಊರಲ್ಲಿ ಹುಟ್ಟಿ, ರೋಸೆನ್‌ಗೋರ್ಡ್ ಬಡಾವಣೆಯಲ್ಲಿ ಆಡಿ, ಮಾಲ್ಮೋ ಕ್ಲಬ್‌ನಿಂದಲೇ ಮೇಲೆ ಬಂದ ಹುಡುಗ. ನವೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಎದುರಾಳಿ ಕ್ಲಬ್ ಹಮ್ಮರ್ಬಿಯಲ್ಲಿ ಪಾಲು ಕೊಂಡ. ಮನೆಮಗನೇ ಎದುರು ಮನೆಗೆ ದುಡ್ಡು ಹಾಕಿದ ಹಾಗಾಯಿತು. ಸಿಟ್ಟಿಗೆದ್ದವರು ಪ್ರತಿಮೆಗೆ ಬೆಂಕಿ ಹಚ್ಚಿದರು, ತೋಳಿಗೆ ಕಮೋಡಿನ ಸೀಟು ನೇತುಹಾಕಿದರು, ಮೂಗು ಕೊಯ್ದರು. 2020ರ ಜನವರಿ 5ರ ಬೆಳಿಗ್ಗೆ ಪ್ರತಿಮೆ ನೆಲಕ್ಕೊರಗಿತ್ತು. ಸಿಟ್ಟು ನನಗೆ ಅರ್ಥವಾಗುತ್ತೆ. ಮೂಗು ಕೊಯ್ದಿದ್ದು ಮಾತ್ರ ಅತಿಯಾಯಿತು. ಮಾಡೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ, ನಾಲ್ಕು ಸಲ ತಿದ್ದಿದ್ದೇನೆ.

ಈ ವಾರದ ರಿಪೇರಿ: ಕಾಲಿಗೆ ಎರಡೆಳೆ ತಂತಿ ಹುರಿ ಮಾಡಿ, ಪಾದದ ಕೆಳಗೆ ಇಳಿಸಿ, ಪ್ಲೈವುಡ್ ಹಲಗೆಯ ಅಡಿಯಿಂದ ಸ್ಕ್ರೂಗೆ ಸುತ್ತಿ ಬಿಗಿದೆ. ಎದೆಯೊಳಗಿನ ಮಣ್ಣು ಬಗೆದು ಅಡುಗೆಮನೆಯ ಫಾಯಿಲ್ ಉಂಡೆ ತುರುಕಿದೆ. ಕಂಚಿನ ಪ್ರತಿಮೆಯೂ ಒಳಗೆ ಟೊಳ್ಳೇ ತಾನೆ. "ಫಾಯಿಲ್ ಎಲ್ಲಿ?" ಅಂತ ಹೆಂಡತಿ ಎರಡು ಸಲ ಕೇಳಿದಳು, ನಾನು ಫುಟ್‌ಬಾಲ್ ಬಗ್ಗೆ ಮಾತಾಡಿದೆ.

ಸಿಕ್ಕ ಫೋಟೋಗಳೆಲ್ಲ ಮುಂದಿನಿಂದ ತೆಗೆದವು. ಬೆನ್ನು ಅಂದಾಜಿಗೆ ಮಾಡಬೇಕು. ಅದು ಮುಂದಿನ ವಾರಕ್ಕೆ. ಸದ್ಯಕ್ಕೆ ಎರಡು ರಾತ್ರಿ ಬೀಳದೆ ನಿಂತಿದ್ದಾನೆ. ಮಗಳು ಪಕ್ಕದಲ್ಲಿ ಪೆನ್ಸಿಲ್ ಡಬ್ಬಿ ಆನಿಸಿ ಇಟ್ಟಿದ್ದಾಳೆ, ತೆಗೆಯೋ ಧೈರ್ಯ ನನಗಿನ್ನೂ ಬಂದಿಲ್ಲ.